ಹಂಗಾದ್ರ ಅಲ್ಲ್ಯಾಕ ಇರ್ತೀ?

ಪರಊರಿಗೆ ಹೋದವನ ಬಗ್ಗೆ ನಮ್ಮ ಊರುಗಳಲ್ಲಿ ಕೇಳುವ ಪ್ರಶ್ನೆಗಳಿಗೆ ಒಂದು ಕ್ರಮವಿದೆ. ಮೊದಲು ‘ಎಲ್ಲಿದ್ದಾನೆ?’ ಆಮೇಲೆ ‘ಏನು ಕೆಲಸ?’ ಅದರ ಬೆನ್ನಿಗೇ, ದನಿ ಸ್ವಲ್ಪ ತಗ್ಗಿಸಿ, ‘ಏನು ಬರ್ತದೆ?’ ಈ ಮೂರಕ್ಕೂ ಸಮಾಧಾನದ ಉತ್ತರ ಸಿಕ್ಕಿತೆಂದರೆ ನಾಲ್ಕನೆಯ ಪ್ರಶ್ನೆ ಹುಟ್ಟುವುದೇ ಇಲ್ಲ. ಹಬ್ಬಕ್ಕೆ ಬರಲಿಲ್ಲವೆಂದರೆ, ಪಾಪ ರಜೆ ಸಿಕ್ಕಿರಲಿಕ್ಕಿಲ್ಲ ಎಂದು ಊರೇ ಅವನ ಪರವಾಗಿ ಸಮಜಾಯಿಷಿ ಕೊಡುತ್ತದೆ. ತಂದೆಯ ಕಣ್ಣಿನ ಆಪರೇಷನ್ನಿಗೆ ತಮ್ಮನೊಬ್ಬನೇ ಓಡಾಡಿದನೆಂದರೆ, ಅಣ್ಣ ದುಡ್ಡು ಕಳಿಸಿದನಲ್ಲ ಎಂದು ಅದೂ ಸರಿಹೋಗುತ್ತದೆ. ಹೊರನಾಡಿನಲ್ಲಿರುವವನಿಗೆ ಸಂಬಳ ಬರೀ ದುಡ್ಡಲ್ಲ. ಮನೆಯಲ್ಲಿ ಇಲ್ಲದೆ ಇರುವುದಕ್ಕೆ ಮನೆಯವರು ಕೊಟ್ಟ ಪರವಾನಗಿ ಕೂಡ.

ಈಗ ಆ ಮನುಷ್ಯ ಆ ಸಂಬಳವನ್ನೇ ಬಿಟ್ಟ ಅಂತಿಟ್ಟುಕೊಳ್ಳಿ. ಯಾರೂ ತೆಗೆದುಹಾಕಲಿಲ್ಲ; ಸಾಕು ಅನ್ನಿಸಿ ತಾನಾಗಿಯೇ ಬಿಟ್ಟ. ಬಿಟ್ಟು ಊರಿಗೂ ಬಾರದೆ, ಇದ್ದಲ್ಲೇ ಒಂದು ಸಣ್ಣ ಕೆಲಸ ಹಿಡಿದು ಕೂತ. ಆಗ ಆ ನಾಲ್ಕನೆಯ ಪ್ರಶ್ನೆ ಬಂದೇ ಬರುತ್ತದೆ. ಇಷ್ಟು ವರ್ಷ ಗುಜರಾತಿನಲ್ಲಿದ್ದು ನಾನು ಕಂಡ ಹಾಗೆ, ಕೆಲಸ ಬಿಡುವ ವಿಚಾರದಲ್ಲಿ ಅತ್ಯಂತ ಕಷ್ಟದ ಪ್ರಶ್ನೆ ಅದೇ.

ವಡೋದರಾದಲ್ಲಿ (ನಮ್ಮವರ ಬಾಯಲ್ಲಿ ಇನ್ನೂ ಬರೋಡಾವೇ) ಗದಗಿನ ಕಡೆಯ ಮಿತ್ರರೊಬ್ಬರಿದ್ದಾರೆ. ಇಪ್ಪತ್ತು ವರ್ಷಕ್ಕೂ ಮೇಲೆ ರಾಸಾಯನಿಕ ಕಾರ್ಖಾನೆಯಲ್ಲಿ ದುಡಿದು ಒಂದು ಘಟಕದ ಉಸ್ತುವಾರಿಯ ತನಕ ಏರಿದವರು. ಊಟದ ತಟ್ಟೆಯ ಪಕ್ಕದಲ್ಲಿ ನೀರಿನ ಲೋಟದಂತೆ ಫೋನೂ ಇರಬೇಕಾದ ಕೆಲಸ ಅದು. ರಾತ್ರಿ ಎರಡು ಗಂಟೆಗೆ ವಾಲ್ವ್ ಸೋರಿದರೆ ಇವರಿಗೆ ಫೋನು, ಕಚ್ಚಾಮಾಲಿನ ಲಾರಿ ಹೆದ್ದಾರಿಯಲ್ಲಿ ಕೆಟ್ಟು ನಿಂತರೂ ಇವರಿಗೇ ಫೋನು. ರಕ್ತದೊತ್ತಡದ ಗುಳಿಗೆ ಒಂದಿದ್ದದ್ದು ಮೂರಾಯಿತು. ಐವತ್ತಕ್ಕೆ ಇನ್ನೂ ಎರಡು ಮೂರು ವರ್ಷ ಇರುವಾಗಲೇ ರಾಜೀನಾಮೆ ಕೊಟ್ಟರು. ಕೊಡುವ ಮುಂಚೆ ಒಂದು ನೋಟುಬುಕ್ಕಿನಲ್ಲಿ ಮನೆಯ ಖರ್ಚನ್ನೆಲ್ಲ ಎರಡು ಸಾಲಾಗಿ ಬರೆದಿದ್ದರಂತೆ. ಒಂದು ಸಾಲಿನ ತಲೆಯ ಮೇಲೆ ‘ನಮಗೆ’, ಇನ್ನೊಂದರ ಮೇಲೆ ‘ನೌಕರಿಗೆ’. ಅಕ್ಕಿ, ಬೇಳೆ, ಮಗಳ ಫೀಸು, ಅವ್ವನ ಔಷಧಿ ಮೊದಲನೆಯದರಲ್ಲಿ. ಹುದ್ದೆಗೆ ತಕ್ಕ ಬಡಾವಣೆಯಲ್ಲಿ ಕೊಂಡ ಫ್ಲಾಟಿನ ಕಂತಿನ ಅರ್ಧ, ಎರಡನೆಯ ಕಾರು, ಸಾಹೇಬರ ಮಕ್ಕಳ ಮದುವೆಗಳಿಗೆ ಉಡುಗೊರೆ, ಅಡುಗೆ ಮಾಡಲು ಹೊತ್ತಿಲ್ಲದೆ ತರಿಸಿದ ಊಟ, ಕಡೆಗೆ ಆ ಮೂರು ಗುಳಿಗೆ, ಇವೆಲ್ಲ ಎರಡನೆಯದರಲ್ಲಿ. ಕೂಡಿ ನೋಡಿದರೆ ಎರಡನೆಯ ಸಾಲೇ ಉದ್ದ. ‘ನೌಕರಿ ನನ್ನ ಸಾಕ್ತದ ಅನ್ಕೊಂಡಿದ್ದೆ. ನಾನೇ ಅದನ್ನ ಸಾಕಾಕತ್ತಿದ್ದೆ’ ಅಂದರು.

ಈಗ ಅವರು ಖೀರು ಮಾಡಿ ಮಾರುತ್ತಾರೆ. ಇದು ನಮ್ಮ ಪಾಯಸದ ಖೀರಲ್ಲ. ಗುಜರಾತಿಯಲ್ಲಿ ಇಡ್ಲಿ, ದೋಸೆ, ಢೋಕ್ಳಾದ ರುಬ್ಬಿದ ಹಿಟ್ಟಿಗೆ ಖೀರು ಅನ್ನುತ್ತಾರೆ; ಹಾಲಿನ ಡೇರಿಗಳಲ್ಲಿ, ಫರಸಾಣದ ಅಂಗಡಿಗಳಲ್ಲಿ ಕೆ.ಜಿ. ಲೆಕ್ಕದಲ್ಲಿ ಸಿಗುತ್ತದೆ. ಇವರು ಒಂದು ಶೆಡ್ಡು ಬಾಡಿಗೆಗೆ ಹಿಡಿದು ರುಬ್ಬುವ ಯಂತ್ರಗಳನ್ನು ಹಾಕಿದ್ದಾರೆ. ಮಧ್ಯಾಹ್ನ ನೆನೆಹಾಕಿ, ಸಂಜೆ ರುಬ್ಬಿ, ಬೆಳಗಿನ ಆರಕ್ಕೆಲ್ಲ ಸುತ್ತಲಿನ ಡೇರಿಗಳಿಗೆ ಮುಟ್ಟಿಸಬೇಕು. ಮೇ ತಿಂಗಳಲ್ಲಿ ಇಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ. ಐಸಿನ ನೀರು ಹಾಕಿ ರುಬ್ಬದಿದ್ದರೆ ಹಿಟ್ಟು ಬೆಳಗಾಗುವಷ್ಟರಲ್ಲಿ ಹುಳಿ ಹೊಡೆಯುತ್ತದೆ. ಜನವರಿಯ ಚಳಿಯಲ್ಲಿ ಅದೇ ಹಿಟ್ಟು ಉಬ್ಬುವುದೇ ಇಲ್ಲ, ಪಾತ್ರೆಗಳಿಗೆ ಕಂಬಳಿ ಹೊದಿಸಬೇಕು. ಆದಾಯ ಮೊದಲಿನ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಗುಳಿಗೆ ಮಾತ್ರ ಮೂರರಿಂದ ಒಂದಕ್ಕೆ ಇಳಿದಿದೆ.

ಸುದ್ದಿ ಕೇಳಿ ಪಕ್ಕದ ಮನೆಯ ಗುಜರಾತಿ ಹಿರಿಯರು ಕೈ ಕುಲುಕಿ ‘ಸಾರುಂ ಕರ್ಯುಂ’ ಅಂದರಂತೆ, ಒಳ್ಳೇದು ಮಾಡಿದ್ರಿ ಎಂದು. ಇವರಿಗೆ ಆ ಗಡಿಬಿಡಿಯಲ್ಲಿ ‘ಸಾರು’ ಅಂತಷ್ಟೇ ಕೇಳಿಸಿ, ಇಡ್ಲಿಯ ಜೊತೆ ಸಾರನ್ನೂ ಮಾಡು ಅನ್ನುತ್ತಿದ್ದಾರೇನೋ ಅನ್ನಿಸಿತಂತೆ. ಗದಗಿನಿಂದ ಅವ್ವ ಫೋನಿನಲ್ಲಿ ಹೇಳಿದ್ದು ಬೇರೆ: ‘ತಮ್ಮಾ, ನೌಕರಿ ಬಿಟ್ಟೀ ಅಂತ. ಆತು ಬಿಡು, ಮೈಯಾಗ ಸುಖ ಇದ್ರ ಸಾಕು. ಹಂಗಾದ್ರ ಅಲ್ಲ್ಯಾಕ ಇರ್ತೀ? ಹಿಟ್ಟು ರುಬ್ಬಾಕ ಗುಜರಾತಿಗೆ ಹೋಗಬೇಕಾ? ನಮ್ಮ ಮನ್ಯಾಗ ಒಳಕಲ್ಲು ಇಲ್ಲೇನು?’

ಪಕ್ಕದ ಮನೆಯವರ ಮಾತನ್ನು ಅರ್ಥ ಮಾಡಿಕೊಳ್ಳುವುದು ಸುಲಭ. ಗುಜರಾತಿನಲ್ಲಿ ‘ಧಂಧೋ’ ಎಂಬ ಪದಕ್ಕೆ ನಮ್ಮಲ್ಲಿ ‘ದಂಧೆ’ಗಿರುವ ಕೆಟ್ಟ ವಾಸನೆ ಇಲ್ಲ. ಸ್ವಂತ ವ್ಯಾಪಾರ ಅಂದರೆ ಮರ್ಯಾದೆ. ನೌಕರಿ ಅಂದರೆ ಬಂಡವಾಳ ಕೂಡುವ ತನಕ ಇನ್ನೊಬ್ಬರ ಅಂಗಡಿಯಲ್ಲಿ ಕೂತಂತೆ. ನಮ್ಮಲ್ಲಿ ಲೆಕ್ಕ ತಿರುಗುಮುರುಗು. ಓದಿದ ಮಗ ನೌಕರಿ ಹಿಡಿದರೆ ಊರಿಗೆ ಪೇಢೆ ಹಂಚುತ್ತೇವೆ. ಅಂಗಡಿ ಇಟ್ಟರೆ, ನೌಕರಿ ಸಿಗಲಿಲ್ಲವೇನೋ ಅಂದುಕೊಳ್ಳುತ್ತೇವೆ. ಹೀಗಾಗಿ ಒಂದೇ ರಾಜೀನಾಮೆ ವಡೋದರಾದಲ್ಲಿ ಬಡ್ತಿಯಾಯಿತು, ಗದಗಿನಲ್ಲಿ ಹಿಂಬಡ್ತಿಯಾಯಿತು. ಆದರೆ ಅವ್ವನ ಪ್ರಶ್ನೆ ಮರ್ಯಾದೆಯದ್ದಲ್ಲ. ‘ಆತು ಬಿಡು’ ಎಂದು ಮರ್ಯಾದೆಯ ಮಾತನ್ನು ಆಕೆ ಮೊದಲಿಗೇ ಮುಗಿಸಿಬಿಟ್ಟಿದ್ದಾರೆ. ಆಕೆ ಕೇಳುತ್ತಿರುವುದು ಇನ್ನೂ ಆಳದ್ದು. ಅದಕ್ಕೆ ಬರುವ ಮುಂಚೆ, ಕೆಲಸ ಬಿಟ್ಟವರ ಕಥೆ ಈ ನಾಡಿನಲ್ಲಿ ಎಷ್ಟು ಹಳೆಯದು ಎಂಬುದನ್ನು ನೋಡಬೇಕು.

ಅಹಮದಾಬಾದು ಗಿರಣಿಗಳ ಊರು, ವ್ಯಾಪಾರದ ಊರು. ದೊಡ್ಡ ಗಳಿಕೆಯನ್ನು ಬಿಟ್ಟವರ ಊರೂ ಹೌದು. ಗಾಂಧೀಜಿ ಇಲ್ಲಿಗೆ ಬರುವ ಹೊತ್ತಿಗಾಗಲೇ ಬಿಟ್ಟು ಮುಗಿಸಿದ್ದರು. ಜೋಹಾನ್ಸ್‌ಬರ್ಗಿನಲ್ಲಿ ಅವರ ವಕೀಲಿ ಚೆನ್ನಾಗಿ ನಡೆದಿತ್ತು. 1904ರಲ್ಲಿ ಡರ್ಬನ್ನಿಗೆ ಹೋಗುವ ರೈಲಿನಲ್ಲಿ ರಸ್ಕಿನ್ನನ ಪುಸ್ತಕವೊಂದನ್ನು ಓದಿದರು; ವಕೀಲನ ಕೆಲಸಕ್ಕೂ ಕ್ಷೌರಿಕನ ಕೆಲಸಕ್ಕೂ ಬೆಲೆ ಒಂದೇ ಎಂಬ ಪಾಠ ಅದರಿಂದ ಅವರಿಗೆ ಸಿಕ್ಕಿತು. ಅದೇ ವರ್ಷ ಫೀನಿಕ್ಸ್ ವಸಾಹತು ಶುರುವಾಯಿತು. 1915ರಲ್ಲಿ ಭಾರತಕ್ಕೆ ಮರಳಿದಾಗ ಹುಟ್ಟಿದ ಪೋರಬಂದರಿಗಾಗಲೀ ಬೆಳೆದ ರಾಜಕೋಟೆಗಾಗಲೀ ಹೋಗಿ ನೆಲೆಸಲಿಲ್ಲ. ಆ ವರ್ಷದ ಮೇ 25ರಂದು ಅಹಮದಾಬಾದಿನ ಕೋಚ್ರಬ್‌ನಲ್ಲಿ, ಬ್ಯಾರಿಸ್ಟರೊಬ್ಬರ ಬಂಗಲೆಯಲ್ಲಿ ಆಶ್ರಮ ತೆರೆದರು. 1917ರಲ್ಲಿ ಅದನ್ನು ಸಾಬರಮತಿಯ ದಂಡೆಗೆ ಒಯ್ದರು. ಯಾಕೆ ಅಹಮದಾಬಾದು ಎಂಬುದಕ್ಕೆ ಆತ್ಮಕಥೆಯಲ್ಲಿ ಕಾರಣ ಕೊಟ್ಟಿದ್ದಾರೆ: ಗುಜರಾತಿ ಮಾತನಾಡುವ ಜನ, ಕೈಮಗ್ಗದ ಹಳೆಯ ನೆಲೆ, ಇನ್ನೊಂದು, ಇಲ್ಲಿನ ಶ್ರೀಮಂತರಿಂದ ಹಣದ ನೆರವು ಸಿಕ್ಕೀತೆಂಬ ಆಸೆ. ಮೂರನೆಯ ಕಾರಣವನ್ನು ಮುಚ್ಚಿಡಲಿಲ್ಲ ನೋಡಿ. ಅದಕ್ಕೆ ಮತ್ತೆ ಬರುತ್ತೇನೆ.

ವಲ್ಲಭಭಾಯಿ ಪಟೇಲರು 1913ರಲ್ಲಿ ಇಂಗ್ಲೆಂಡಿನಿಂದ ಬ್ಯಾರಿಸ್ಟರಾಗಿ ಮರಳಿ ಇದೇ ಊರಿನಲ್ಲಿ ವಕೀಲಿ ಹೂಡಿದರು. ಒಳ್ಳೆಯ ಹೊಲಿಗೆಯ ಸೂಟು, ಸಂಜೆಗೆ ಗುಜರಾತ್ ಕ್ಲಬ್ಬಿನಲ್ಲಿ ಬ್ರಿಜ್ ಆಟ. ಆಶ್ರಮದ ಬಗ್ಗೆ ಮೊದಮೊದಲು ಕ್ಲಬ್ಬಿನಲ್ಲಿ ಕೂತು ನಗೆಯಾಡಿದವರೇ. 1918ರ ಖೇಡಾ ಸತ್ಯಾಗ್ರಹ ಅವರನ್ನು ಹಳ್ಳಿಗಳಿಗೆ ಎಳೆಯಿತು; ಅಸಹಕಾರ ಚಳವಳಿಯ ಹೊತ್ತಿಗೆ ವಕೀಲಿಯೂ ಹೋಯಿತು, ಸೂಟೂ ಹೋಯಿತು. ನಮ್ಮ ಗದಗಿನ ಮಿತ್ರರು ಬರೆದ ‘ನೌಕರಿಗೆ’ ಎಂಬ ಸಾಲು ವಲ್ಲಭಭಾಯಿಗೂ ಇತ್ತು ಅನ್ನಿ. ದೊಡ್ಡ ಕಸಬು ಮೊದಲು ಕೊಡುತ್ತದೆ, ಆಮೇಲೆ ಕೊಟ್ಟದ್ದರಲ್ಲಿ ಬಹುಪಾಲನ್ನು ತನ್ನ ವೇಷಕ್ಕೇ ಕೇಳುತ್ತದೆ. ಕಸಬು ಬಿಟ್ಟ ಕೂಡಲೇ ಆ ಖರ್ಚೂ ಬೀಳುತ್ತದೆ. ಬಿಟ್ಟವರು ಹೊರಗಿನವರು ಎಣಿಸಿದಷ್ಟು ಬಡವರಾಗದಿರುವುದಕ್ಕೆ ಇದೂ ಒಂದು ಕಾರಣ.

ವಡೋದರಾದಲ್ಲಿ ಅರವಿಂದರಿದ್ದರು. 1893ರಿಂದ ಹದಿಮೂರು ವರ್ಷ ಮಹಾರಾಜ ಸಯಾಜಿರಾವರ ಚಾಕರಿ, ಬರೋಡಾ ಕಾಲೇಜಿನಲ್ಲಿ ಪಾಠ, ಉಪ ಪ್ರಾಂಶುಪಾಲರ ಪಟ್ಟ. ದಾಂಡಿಯಾ ಬಜಾರಿನಲ್ಲಿ ಅವರು ಇದ್ದ ಮನೆಯನ್ನು ಇಂದಿಗೂ ನೋಡಬಹುದು. 1906ರಲ್ಲಿ ಅದನ್ನೆಲ್ಲ ಬಿಟ್ಟು, ಅದರ ಒಂದು ಸಣ್ಣ ಪಾಲಿನ ಸಂಬಳಕ್ಕೆ ಕಲ್ಕತ್ತೆಯ ರಾಷ್ಟ್ರೀಯ ಕಾಲೇಜಿಗೆ ಹೋದರು. ಅವರ ಹಾದಿ ತಮ್ಮ ಬಂಗಾಳದ ಕಡೆಗಿತ್ತು. ಸಂಬಳ ಬಿಟ್ಟು ಮನೆಯ ದಿಕ್ಕಿಗೆ ಹೋದವರು ಅವರು. ಸಂಬಳ ಬಿಟ್ಟೂ ಮನೆಯ ದಿಕ್ಕಿಗೆ ಹೋಗದವರು ಗಾಂಧೀಜಿ.

ಇಷ್ಟು ದೊಡ್ಡ ಹೆಸರುಗಳೇ ಬೇಡ ಅನ್ನುವವರಿಗೆ ರವಿ ಮಥಾಯಿ ಇದ್ದಾರೆ. ಅಹಮದಾಬಾದಿನ ಐಐಎಂ ಕಟ್ಟಿದವರಲ್ಲಿ ಒಬ್ಬರು. 1965ರಿಂದ ಅದರ ನಿರ್ದೇಶಕರಾಗಿದ್ದು, ಸಂಸ್ಥೆ ಹೆಸರು ಮಾಡಿದ ಹೊತ್ತಿನಲ್ಲೇ 1972ರಲ್ಲಿ ತಾವಾಗಿ ಕುರ್ಚಿಯಿಂದ ಇಳಿದು, ಅದೇ ಸಂಸ್ಥೆಯಲ್ಲಿ ಸಾಮಾನ್ಯ ಪ್ರಾಧ್ಯಾಪಕರಾಗಿ ಉಳಿದರು. ಆಮೇಲೆ ರಾಜಸ್ಥಾನದ ಜವಾಜಾ ಎಂಬ ಕಡೆ ನೇಕಾರರು, ಚರ್ಮದ ಕೆಲಸಗಾರರ ಜೊತೆ ದುಡಿದರು. ಇಡೀ ದೇಶಕ್ಕೆ ಮೇಲೇರುವುದನ್ನು ಕಲಿಸುವ ಶಾಲೆಯಲ್ಲಿ ಇಳಿಯುವುದನ್ನು ಮಾಡಿ ತೋರಿಸಿದವರು ಎಂದು ನನಗೆ ಅವರ ಮೇಲೆ ಅಭಿಮಾನ.

ಇಲ್ಲಿಯವರೆಗೆ ಎಲ್ಲ ಚೆಂದವೇ. ದೊಡ್ಡದನ್ನು ಬಿಟ್ಟರು, ಸಣ್ಣದನ್ನು ಹಿಡಿದರು, ನೆಮ್ಮದಿಯಾಗಿದ್ದರು ಎಂದು ಇಂಥ ಕಥೆಗಳನ್ನು ಮುಗಿಸುವುದು ವಾಡಿಕೆ. ಆದರೆ ಇಳಿಸಿಟ್ಟ ಭಾರ ನೆಲದ ಮೇಲೇ ಉಳಿಯುವುದಿಲ್ಲ. ಯಾರೋ ಅದನ್ನು ಎತ್ತಿಕೊಳ್ಳಬೇಕಾಗುತ್ತದೆ. ಯಾರು ಎತ್ತಿಕೊಂಡರು ಎಂದು ನೋಡದೆ ಬಿಟ್ಟವನನ್ನು ಹೊಗಳಿದರೆ ಲೆಕ್ಕ ಅರ್ಧವೇ ಆಯಿತು.

1901ರಲ್ಲಿ ಗಾಂಧೀಜಿ ನಟಾಲ್ ಬಿಟ್ಟು ಹೊರಟಾಗ ಅಲ್ಲಿನ ಜನ ಚಿನ್ನ, ವಜ್ರದ ಉಡುಗೊರೆ ಕೊಟ್ಟರು. ಕಸ್ತೂರಬಾ ಅವರಿಗೆಂದೇ ಕೊಟ್ಟ ಬೆಲೆಬಾಳುವ ಹಾರವೂ ಅದರಲ್ಲಿತ್ತು. ಎಲ್ಲವನ್ನೂ ಸಾರ್ವಜನಿಕ ಕೆಲಸದ ನಿಧಿಗೆ ಒಪ್ಪಿಸುವುದೆಂದು ಗಾಂಧೀಜಿ ತೀರ್ಮಾನಿಸಿ, ಮೊದಲು ಮಕ್ಕಳನ್ನು ತಮ್ಮ ಕಡೆ ಮಾಡಿಕೊಂಡರು. ಕಸ್ತೂರಬಾ ಒಪ್ಪಲಿಲ್ಲ. ನಾಳೆ ಬರುವ ಸೊಸೆಯರಿಗೆ ಏನಿಡಲಿ ಎಂದು ಕೇಳಿದರು. ನೀವು ಮಾಡಿದ ಸೇವೆಯಲ್ಲಿ ನಾನು ಹಗಲೂ ರಾತ್ರಿ ದುಡಿದ ದುಡಿಮೆ ಸೇರಿಲ್ಲವೇ ಎಂಬುದು ಅವರ ವಾದದ ತಿರುಳು. ಕಡೆಗೆ ಗಾಂಧೀಜಿಯದೇ ನಡೆಯಿತು. ಆದರೆ ಹೆಂಡತಿಯ ವಾದವನ್ನು ಅವರೇ ತಮ್ಮ ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ. ಇವತ್ತಿಗೂ ಓದಿದರೆ ಆಕೆಯ ಮಾತಿಗೆ ನಿಜವಾದ ಉತ್ತರ ಸಿಕ್ಕಿತೆಂದು ನನಗನ್ನಿಸುವುದಿಲ್ಲ.

ಕೋಚ್ರಬ್ ಆಶ್ರಮದ ಲೆಕ್ಕವೂ ಹೀಗೆಯೇ. ಆಶ್ರಮ ಶುರುವಾದ ಕೆಲವೇ ತಿಂಗಳಲ್ಲಿ ದೂದಾಭಾಯಿ, ದಾನಿಬೆನ್ ಎಂಬ ದಲಿತ ದಂಪತಿಗಳನ್ನು, ಅವರ ಪುಟ್ಟ ಮಗಳು ಲಕ್ಷ್ಮಿಯನ್ನು ಸೇರಿಸಿಕೊಂಡದ್ದಕ್ಕೆ ಹಣ ಕೊಡುವವರು ಕೈ ಬಿಟ್ಟರು. ಇನ್ನೇನು ಬೊಕ್ಕಸ ಬರಿದಾಯಿತು ಅನ್ನುವಾಗ ಸೇಠರೊಬ್ಬರು ಕಾರಿನಲ್ಲಿ ಬಂದು 13,000 ರೂಪಾಯಿ ಕೊಟ್ಟು ಹೋದರು. ಅವರು ಗಿರಣಿ ಮಾಲೀಕ ಅಂಬಾಲಾಲ್ ಸಾರಾಭಾಯಿ. ಗಿರಣಿಯ ಲಾಭ ಇಲ್ಲದಿದ್ದರೆ ಚರಕದ ಸರಳತೆಗೆ ಅಂದು ಊಟವಿರಲಿಲ್ಲ. ಇದನ್ನು ಗಾಂಧೀಜಿಯನ್ನು ಹಳಿಯಲು ಹೇಳುತ್ತಿಲ್ಲ. 1918ರಲ್ಲಿ ಗಿರಣಿ ಕಾರ್ಮಿಕರ ಮುಷ್ಕರದಲ್ಲಿ ಅದೇ ಅಂಬಾಲಾಲರ ಎದುರು ನಿಂತರು. ಅಂಬಾಲಾಲರ ಅಕ್ಕ ಅನಸೂಯಾಬೆನ್ನರೂ ಕಾರ್ಮಿಕರ ಕಡೆಗೇ ಇದ್ದರು. ಅನ್ನದ ಋಣ ಬಾಯಿ ಕಟ್ಟಲಿಲ್ಲ. ನನ್ನ ಮಾತು ಇಷ್ಟೇ: ಸರಳ ಬದುಕೂ ಯಾರದೋ ದುಡ್ಡಿನ ಮೇಲೆ, ಯಾರದೋ ಮೈಯ ಮೇಲೆ ನಡೆಯುತ್ತದೆ. ವಲ್ಲಭಭಾಯಿಯ ಖಾದಿಯ ನೂಲನ್ನು ಮಗಳು ಮಣಿಬೆನ್ ನೂತರು. ನಮ್ಮ ಗದಗಿನ ಮಿತ್ರರ ಮನೆಯವರು ಶಾಲೆಯೊಂದರಲ್ಲಿ ಪಾಠ ಹೇಳುತ್ತಾರೆ. ಮೊದಲ ಒಂದೂವರೆ ವರ್ಷ ಮನೆ ನಡೆದದ್ದು ಅವರ ಸಂಬಳದಲ್ಲಿ. ಒಮ್ಮೆ ಚಹಾ ಕೊಡುತ್ತ ನಗುನಗುತ್ತಲೇ ಅಂದರು: ‘ಇವರು ನೌಕರಿ ಬಿಟ್ರು, ನೆಮ್ಮದಿ ಆತು ಅಂತ ಎಲ್ಲಾರೂ ಹೇಳ್ತಾರ್ರಿ. ನನಗ ಮಾತ್ರ ಅವತ್ತಿಂದ ಎರಡು ನೌಕರಿ.’

ಇನ್ನು ಸೂರತ್ತಿಗೆ ಬರೋಣ, ಯಾಕೆಂದರೆ ‘ಬಿಡುವುದು’ ಎಂಬ ಪದ ಅಲ್ಲಿ ಬೇರೆ ಅರ್ಥ ಪಡೆಯುತ್ತದೆ. ವಜ್ರಕ್ಕೆ ಹೊಳಪು ಕೊಡುವ ಕಾರ್ಮಿಕರು ಅಲ್ಲಿ ಲಕ್ಷಗಟ್ಟಲೆ ಇದ್ದಾರೆ. ಅವರಲ್ಲಿ ದೊಡ್ಡ ಪಾಲು ಸೌರಾಷ್ಟ್ರದ ಹಳ್ಳಿಗಳಿಂದ ಬಂದವರು. ಎಷ್ಟು ಕಲ್ಲಿಗೆ ಎಷ್ಟು ಎಂಬ ಕೂಲಿ, ಭೂತಗನ್ನಡಿ ಕಣ್ಣಿಗೆ ಒತ್ತಿ ದಿನವಿಡೀ ಬಗ್ಗಿ ಕೂರುವ ಕೆಲಸ. 2008ರ ಕೊನೆಗೆ ಅಮೆರಿಕದಲ್ಲಿ ಬ್ಯಾಂಕುಗಳು ಬಿದ್ದಾಗ ವಜ್ರ ಕೊಳ್ಳುವವರಿಲ್ಲದಾಯಿತು. ದೀಪಾವಳಿಯ ರಜೆಗೆ ಮುಚ್ಚಿದ ಅದೆಷ್ಟೋ ಸಣ್ಣ ಕಾರ್ಖಾನೆಗಳು ರಜೆ ಮುಗಿದರೂ ಬಾಗಿಲು ತೆಗೆಯಲಿಲ್ಲ. ಸಾವಿರಾರು ಜನ ಹೆಂಡತಿ ಮಕ್ಕಳ ಸಮೇತ ಹಳ್ಳಿಗೆ ಮರಳಿ ಹೊಲದ ಕೆಲಸಕ್ಕೆ ಇಳಿದರು. ಅದಕ್ಕೂ ಮೊದಲು, 1980ರ ದಶಕದಿಂದ, ಅಹಮದಾಬಾದಿನ ಬಟ್ಟೆ ಗಿರಣಿಗಳು ಒಂದೊಂದಾಗಿ ಮುಚ್ಚಿದಾಗ ಮಗ್ಗದ ಮುಂದೆ ನಿಂತಿದ್ದವರು ರಿಕ್ಷಾ ಹಿಡಿದರು, ತಳ್ಳುಗಾಡಿ ಇಟ್ಟರು. ಹೊರಗಿನಿಂದ ನೋಡಿದರೆ ಅವರದೂ ಸಣ್ಣ ಕೆಲಸ, ಕಡಿಮೆ ಖರ್ಚಿನ ಬದುಕು. ಅದನ್ನು ಸರಳ ಜೀವನ ಎಂದು ಕರೆಯಲು ಯಾರಿಗೂ ನಾಲಿಗೆ ಬರುವುದಿಲ್ಲ.

ಹಾಗಾದರೆ ಸರಳತೆಯ ಬೆಲೆ ಇರುವುದು ವಸ್ತುವಿನಲ್ಲಲ್ಲ, ಆಯ್ಕೆಯಲ್ಲಿ. ಬೇಡವೆಂದು ಇಳಿಯಬಲ್ಲವನಿಗೆ, ಬೇಕಾದರೆ ಮತ್ತೆ ಹತ್ತಲು ಓದು ಇದೆ, ಗುರುತಿನವರಿದ್ದಾರೆ, ಬ್ಯಾಂಕಿನಲ್ಲಿ ಭವಿಷ್ಯನಿಧಿ ಇದೆ. ಇಪ್ಪತ್ತು ವರ್ಷ ದೊಡ್ಡ ಸಂಬಳ ತಿಂದ ಮೇಲೇ ಸಣ್ಣ ಸಂಬಳದ ರುಚಿ ನೋಡಲು ಧೈರ್ಯ ಬರುತ್ತದೆ. ಇದನ್ನು ಮರೆತು, ನನ್ನ ಹಾಗೆ ನೀವೂ ಬಿಟ್ಟುಬಿಡಿ ಎಂದು ಪಕ್ಕದವನಿಗೆ ಉಪದೇಶ ಮಾಡಿದರೆ ಸರಳತೆಯೂ ಒಂದು ಬಗೆಯ ಆಡಂಬರವಾಗುತ್ತದೆ. ನಮ್ಮ ಮಿತ್ರರ ಬಗ್ಗೆ ನನಗೆ ಮೆಚ್ಚುಗೆ ಇರುವುದು ಇಲ್ಲಿ: ಅವರು ಉಪದೇಶ ಮಾಡುವುದಿಲ್ಲ. ಖೀರಿನ ರೇಟು ಕೇಳಿದರೆ ಹೇಳುತ್ತಾರೆ, ಅಷ್ಟೆ.

ಸರಿ, ಬಿಡುವುದಕ್ಕೂ ಒಂದು ನೀತಿ ಇರಬೇಕಲ್ಲ, ಅದು ಯಾವುದು? ಗುಜರಾತಿನಲ್ಲಿ ಇದಕ್ಕೆ ಒಂದು ದಾರಿ ಕಣ್ಣೆದುರಿಗೇ ಇದೆ. ಸೂರತ್ತಿನಲ್ಲಿ, ಅಹಮದಾಬಾದಿನಲ್ಲಿ ಜೈನ ವ್ಯಾಪಾರಿಗಳು, ಅವರ ಮಕ್ಕಳು ಸರ್ವಸ್ವವನ್ನೂ ಬಿಟ್ಟು ದೀಕ್ಷೆ ಪಡೆಯುವುದು ಹೊಸ ಸಂಗತಿಯಲ್ಲ. 2015ರಲ್ಲಿ ದೆಹಲಿಯ ದೊಡ್ಡ ಪ್ಲಾಸ್ಟಿಕ್ ವ್ಯಾಪಾರಿಯೊಬ್ಬರು ಅಹಮದಾಬಾದಿನಲ್ಲಿ ದೀಕ್ಷೆ ಪಡೆದದ್ದು ದೇಶಕ್ಕೆಲ್ಲ ಸುದ್ದಿಯಾಯಿತು. ಮೆರವಣಿಗೆಯ ಆಡಂಬರ ನನಗೆ ಒಗ್ಗುವುದಿಲ್ಲ. ಆದರೆ ಅದರೊಳಗಿನ ಒಂದು ಕಟ್ಟಳೆ ಮನಸ್ಸಿಗೆ ನಾಟಿತು. ದೀಕ್ಷೆ ಬೇಕೆನ್ನುವವರು ಮನೆಯವರ ಅನುಮತಿ ಪಡೆಯಬೇಕು. ಲೋಕವನ್ನೇ ಬಿಡಲು ಹೊರಟವರೂ ಮನೆಯವರನ್ನು ಕೇಳಿಯೇ ಹೊರಡಬೇಕು. ನಮ್ಮ ಶಂಕರಾಚಾರ್ಯರ ಕಥೆಯಲ್ಲೂ ಇದೇ ಇದೆ. ಮೊಸಳೆ ಕಾಲು ಹಿಡಿದಾಗ ತಾಯಿಯಿಂದ ಸಂನ್ಯಾಸಕ್ಕೆ ಒಪ್ಪಿಗೆ ಪಡೆದರು ಎಂದು ಚಿಕ್ಕಂದಿನಿಂದ ಕೇಳಿದ್ದೇವೆ. ಕೊನೆಗಾಲಕ್ಕೆ ಬಂದೇ ಬರುತ್ತೇನೆ ಎಂದು ತಾಯಿಗೆ ಮಾತು ಕೊಟ್ಟರು, ಸಂನ್ಯಾಸಿಗೆ ಇಲ್ಲದ ಕರ್ಮವನ್ನು ಬಂದು ಮಾಡಿದರು ಎಂಬುದೂ ಅದೇ ಕಥೆಯಲ್ಲಿದೆ. ಕೆಲಸಕ್ಕೆ ರಾಜೀನಾಮೆ ಕೊಡುವಾಗ ನಾವು ಕಂಪನಿಗೆ ಮೂರು ತಿಂಗಳ ನೋಟಿಸು ಕೊಡುತ್ತೇವೆ. ಮನೆಗೆ? ಆ ಸಂಬಳದಲ್ಲಿ ಪಾಲಿದ್ದ ಅವ್ವ, ಸೈಟಿನ ಸಾಲಕ್ಕೆ ಜಾಮೀನು ನಿಂತ ತಮ್ಮ, ಕಾಲೇಜಿನ ಕನಸು ಕಾಣುತ್ತಿರುವ ಮಗಳು, ಇವರಿಗೆ ಸುದ್ದಿ ಮುಟ್ಟುವುದು ಬಹಳ ಸಲ ಎಲ್ಲ ಮುಗಿದ ಮೇಲೆಯೇ.

ಇನ್ನೊಂದು ದಾರಿ ನಮ್ಮ ಕಲ್ಯಾಣದ್ದು. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ರಾಯಚೂರು ಸೀಮೆಯ ಅಮರೇಶ್ವರದಿಂದ ಊರು ಬಿಟ್ಟು ಕಲ್ಯಾಣಕ್ಕೆ ಬಂದವರು. ಅವರೂ ಒಂದು ಲೆಕ್ಕದಲ್ಲಿ ಪರಊರಿನವರೇ. ಬಸವಣ್ಣನವರ ಅಂಗಳದಲ್ಲಿ ಬಿದ್ದ ಅಕ್ಕಿ ಆಯುವುದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಒಳಗೆ ಇಟ್ಟುಕೊಳ್ಳಲಿಲ್ಲ. ಹೆಚ್ಚಾದದ್ದನ್ನು ಅಲ್ಲಿಗೇ ಹೋಗಿ ಸುರಿದು ಬಾ ಎಂದು ಗಂಡನನ್ನು ಮರಳಿ ಕಳಿಸಿದಳು. ಈ ಕಥೆಯನ್ನು ಆಸೆ ಬೇಡ ಎಂಬ ನೀತಿಗಾಗಿ ಹೇಳುತ್ತೇವೆ. ನನಗೆ ಅದರಲ್ಲಿ ಹಿಡಿಸುವುದು ಇನ್ನೊಂದು. ಎಷ್ಟು ಸಾಕು ಎಂಬುದನ್ನು ಅಳೆದವಳು ಅಡುಗೆ ಮಾಡುವವಳು, ಆ ಅಕ್ಕಿಯಲ್ಲಿ ದಿನ ದೂಡುವವಳು. ನಟಾಲಿನಲ್ಲಿ ಗಂಡ ಅಳೆದು ಹೆಂಡತಿಗೆ ಒಪ್ಪಿಸಿದ. ಕಲ್ಯಾಣದಲ್ಲಿ ಹೆಂಡತಿ ಅಳೆದಳು, ಗಂಡ ಒಪ್ಪಿದ. ‘ಸಾಕು’ ಎಂಬ ಮಾತನ್ನು ಅದರ ಭಾರ ಹೊರುವವರ ಬಾಯಿಂದ ಕೇಳಿದಾಗಲೇ ಅದಕ್ಕೆ ಬೆಲೆ.

ಈಗ ಗದಗಿನ ಅವ್ವನ ಪ್ರಶ್ನೆಗೆ ಬರಬಹುದು. ಮಗ ಸಾಹೇಬನಾಗಿದ್ದಾಗ ಆಕೆಗೆ ಒಂದು ಲೆಕ್ಕ ಇತ್ತು. ಅರವತ್ತಕ್ಕೆ ನಿವೃತ್ತಿಯಾಗುತ್ತದೆ, ಮಗ ಬಂದು ಮಾಳಿಗೆಯ ಮೇಲೆ ಒಂದು ಕೋಣೆ ಕಟ್ಟಿಸಿಕೊಂಡು ಇರುತ್ತಾನೆ. ಸಂಬಳ ಅವನನ್ನು ಒಯ್ದಿತ್ತು. ಸಂಬಳ ಮುಗಿದಾಗ ತಂದು ಬಿಡುತ್ತದೆ. ಖೀರಿಗೆ ನಿವೃತ್ತಿ ಇಲ್ಲ. ನೌಕರಿಯಲ್ಲಿದ್ದಾಗ ವಡೋದರಾದಲ್ಲಿ ಅವರು ಅತಿಥಿಯ ಹಾಗಿದ್ದರು. ಬೆಳಿಗ್ಗೆ ಕಂಪನಿಯ ಬಸ್ಸು, ರಾತ್ರಿ ಫ್ಲಾಟು. ಗುಜರಾತಿ ಮಾತು ಬರುತ್ತಿದ್ದದ್ದೂ ಅಷ್ಟಕ್ಕಷ್ಟೆ. ಈಗ ಹತ್ತು ಡೇರಿಯವರ ಜೊತೆ ದಿನಾ ಮಾತು, ಜಗಳ, ಉದ್ದರಿ. ಬೀದಿಯ ಬೆನ್‌ಗಳು ‘ಇವತ್ತು ಸ್ವಲ್ಪ ಹುಳಿ, ಭಾಯಿ’ ಎಂದು ಹಿಡಿದು ನಿಲ್ಲಿಸುತ್ತಾರೆ. ಭಾನುವಾರ ಮಾರಾಟ ಹೆಚ್ಚು, ಹಾಗಾಗಿ ಭಾನುವಾರವೂ ಇಲ್ಲ, ಹಬ್ಬವೂ ಇಲ್ಲ. ರಜೆ ಸಿಗದ ನೌಕರಿಯನ್ನು ಬಿಟ್ಟು ರಜೆಯೇ ಇಲ್ಲದ ಕೆಲಸ ಹಿಡಿದರು. ಅದಕ್ಕೆ ಅವರ ಬೇಸರವಿಲ್ಲ, ಯಾಕೆಂದರೆ ಮೊದಲ ಸಲ ಆ ಊರಿಗೆ ಅವರು ಬೇಕಾಗಿದ್ದಾರೆ. ಕಾರ್ಖಾನೆಯಲ್ಲಿ ಅವರ ಕುರ್ಚಿಗೆ ಮರುದಿನವೇ ಇನ್ನೊಬ್ಬರು ಬಂದು ಕೂತಿದ್ದರು. ಒಂದು ದಿನ ಹಿಟ್ಟು ಬರದಿದ್ದರೆ ಎರಡು ಬೀದಿಯವರು ಫೋನು ಮಾಡುತ್ತಾರೆ.

ಅವ್ವನಿಗೆ ಇದನ್ನು ಯಾರೂ ವಿವರಿಸಿ ಹೇಳಿಲ್ಲ. ಆದರೂ ಆಕೆಗೆ ಗೊತ್ತಾಗಿದೆ. ಸಾಲವಾಗಿ ಕೊಟ್ಟಿದ್ದ ಮಗ ಈಗ ಅಲ್ಲಿಯವನೇ ಆಗಿಬಿಟ್ಟ ಎಂಬುದು. ಸಣ್ಣ ಕೆಲಸ ಬೇರು ಬಿಡುತ್ತದೆ. ಬೇರು ಬಿಟ್ಟದ್ದು ಇಲ್ಲಿ, ಕಿತ್ತದ್ದು ಅಲ್ಲಿ. ಮಗನಿಗೆ ಸಿಕ್ಕ ನೆಮ್ಮದಿಯ ಬೆಲೆಯಲ್ಲಿ ಒಂದು ಪಾಲನ್ನು ಎಂಬತ್ತರ ಹತ್ತಿರದ ಆ ಹೆಣ್ಣುಮಗಳು ಕೊಡುತ್ತಿದ್ದಾರೆ, ಸರಳ 
ಜೀವನದ ಯಾವ ಪುಸ್ತಕದಲ್ಲೂ ಆ ಪಾಲಿನ ಜಮಾಖರ್ಚು ಇಲ್ಲ.

ಅದಕ್ಕಾಗಿ ಅವರು ಮತ್ತೆ ಕಾರ್ಖಾನೆಗೆ ಹೋಗಬೇಕಿತ್ತೇ? ನಾನು ಹಾಗೆ ಹೇಳಲಾರೆ. ರಕ್ತದೊತ್ತಡ ತಲೆಗೇರಿ ಬಿದ್ದ ಮಗನೂ ಅವ್ವನಿಗೆ ದಕ್ಕುತ್ತಿರಲಿಲ್ಲ. ಆದರೆ ನೌಕರಿಯ ಪರವಾನಗಿಯನ್ನು ಹಿಂದಿರುಗಿಸಿದ ಮೇಲೆ ಹೊಸ ಪರವಾನಗಿಯನ್ನು ಮನೆಯಿಂದ ಕೇಳಿ ಪಡೆಯಬೇಕು, ಅದಕ್ಕೆ ಶುಲ್ಕವನ್ನೂ ಕೊಡಬೇಕು. ದುಡ್ಡಿನಲ್ಲಿ ಕೊಡುತ್ತಿದ್ದದ್ದನ್ನು ಇನ್ನು ದಿನಗಳಲ್ಲಿ ಕೊಡಬೇಕಾಗುತ್ತದೆ. ನಮ್ಮ ಮಿತ್ರರು ಈಗ ಒಬ್ಬ ಹುಡುಗನನ್ನು ಕೆಲಸಕ್ಕೆ ತಯಾರು ಮಾಡಿದ್ದಾರೆ. ಶ್ರಾವಣದಲ್ಲಿ ಹದಿನೈದು ದಿನ, ಸಂಕ್ರಾಂತಿ ಕಳೆದ ಮೇಲೆ ಹದಿನೈದು ದಿನ, ಹುಬ್ಬಳ್ಳಿಯ ರೈಲು ಹತ್ತುತ್ತಾರೆ. ಆ ದಿನಗಳ ನಷ್ಟವನ್ನು ಖೀರಿನ ಖರ್ಚಿನ ಪಟ್ಟಿಯಲ್ಲೇ ಬರೆಯುತ್ತಾರೆ, ಅಕ್ಕಿ, ಉದ್ದು, ಕರೆಂಟಿನ ಜೊತೆಗೆ. ಆ ಲೆಕ್ಕ ನನಗೆ ಸರಿ ಕಂಡಿತು.

ಊರಲ್ಲಿರುವ ಓದುಗರಿಗೂ ಒಂದು ಮಾತು ಹೇಳಬೇಕು. ಬಿಟ್ಟವರನ್ನು ನಾವು ಗೌರವಿಸುವುದಿಲ್ಲ ಎಂದಲ್ಲ, ಬಹಳ ತಡವಾಗಿ ಗೌರವಿಸುತ್ತೇವೆ. ಮಂಗಳೂರಿನ ಕಾರ್ನಾಡ ಸದಾಶಿವರಾಯರು ಸಿರಿವಂತ ಮನೆತನದವರು, ವಕೀಲರು. ಎಲ್ಲವನ್ನೂ ದೇಶದ ಕೆಲಸಕ್ಕೆ ಸುರಿದು, ಕೈ ಬರಿದು ಮಾಡಿಕೊಂಡು 1937ರಲ್ಲಿ ತೀರಿಕೊಂಡರು. ಮಂಗಳೂರಿನ ಕೆ.ಎಸ್. ರಾವ್ ರಸ್ತೆ ಅವರದೇ ಹೆಸರು. ಬೆಂಗಳೂರಿನ ಸದಾಶಿವನಗರವೂ ಅವರದೇ. ಇದ್ದದ್ದನ್ನೆಲ್ಲ ಬಿಟ್ಟವರ ಹೆಸರಿನ ಬಡಾವಣೆಯಲ್ಲಿ ಇಂದು ಒಂದು ಸೈಟು ಕೊಳ್ಳಬೇಕಾದರೆ ಎಂಥ ಸಂಬಳವೂ ಸಾಲುವುದಿಲ್ಲ. ಇಂಥವರ ಹೆಸರನ್ನು ರಸ್ತೆಗೆ ಇಡುತ್ತೇವೆ. ನಮ್ಮ ಮನೆಯ ಹುಡುಗ ಅದರ ನೂರನೆಯ ಒಂದು ಪಾಲು ಮಾಡಿದರೂ ‘ತಲೆ ಕೆಟ್ಟಿದೆ’ ಅನ್ನುತ್ತೇವೆ.

ಪರಊರಿನಲ್ಲಿ ನೌಕರಿ ಬಿಟ್ಟು ಸಣ್ಣ ಕೆಲಸಕ್ಕೆ ಇಳಿದವರು ನಿಮ್ಮ ಬಳಗದಲ್ಲೂ ಒಬ್ಬರಾದರೂ ಇರಬಹುದು. ಅವರು ಊರಿಗೆ ಬಂದಾಗ ಏನು ಬರ್ತದೆ ಎಂದು ಕೇಳಬೇಡಿ. ಕಡಿಮೆ ಬರುತ್ತದೆ, ಅದು ಅವರಿಗೂ ಗೊತ್ತು. ಮುಂದೆ ಯಾವಾಗ ಬರ್ತೀ ಎಂದು ಕೇಳಿ, ತಾರೀಖು ಹೇಳುವ ತನಕ ಬಿಡಬೇಡಿ. ಕೆಲಸ ಬಿಟ್ಟವನು ಕೊಡಬೇಕಾದ ಉತ್ತರ ಅದೊಂದೇ, ಅದನ್ನು ಕೇಳುವ ಹಕ್ಕೂ ಮನೆಯವರಿಗಿದೆ.